ಎರಡು ಕೊಂಬಿನ ಪೆಟ್ಟಿಗೆ

ಸೆಪ್ಟೆಂಬರ್ 7, 2008, ಭಾನುವಾರ

ಗೌರಿ ಹಬ್ಬ ಮುಗಿಸಿಕೊಂಡು ಅಣ್ಣನ ಮಗಳು ಐದು ತಿಂಗಳ ಮಗುವಿನ ಜೊತೆ ಬಂದಿದ್ದಾಳೆ. ಬಾಣಂತನ ಚೆನ್ನಾಗಿ ಆಗಿದೆ, ಮೈಕೈ ತುಂಬಿಕೊಂಡಿದೆ. ಅಣ್ಣನ ಮಗಳೇ ನನಗೆ ಸೊಸೆ. ಹುಟ್ಟಿದಾಗಿನಿಂದ ಕಿವಿ ಕೇಳದ ಹುಡುಗಿ. ಬೇರೆಯವರ ಮನೆ ಸೇರಿ ಏನು ಪಾಡು ಪಡುತ್ತಾಳೋ ಎಂದು ನಾನೇ ಮುಂದೆ ನಿಂತು ನನ್ನ ಮಗ ಅರುಣನಿಗೆ ತಂದುಕೊಂಡೆ. ಸಾಣೆಗುರುವನಹಳ್ಳಿಯ ಹಳೇ ಮನೆಗಳವರೆಲ್ಲ ಆಗ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಈಗ ಮಗುವಿನ ಯೋಚನೆ. ಪುಟ್ಟಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಡಾಕ್ಟರು ನೋಡಿ ಹೇಳಿದ್ದಾರೆ. ಆದರೆ ಅದು ಅತ್ತರೆ ತಾಯಿಗೆ ಕೇಳಬೇಕಲ್ಲ. ಅರುಣನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಎರಡನೇ ಪಾಳಿ, ಮಧ್ಯಾಹ್ನ ಹೋದವನು ಬರುವುದು ನಾವೆಲ್ಲ ಮಲಗಿದ ಮೇಲೆ. ಅವರ ಕೋಣೆ ಮಹಡಿ ಮೇಲೆ. ನಾನು ಮತ್ತು ನಮ್ಮತ್ತೆ ಬೋರಮ್ಮ ಕೆಳಗೆ. ಸೊಸೆ ಅಡುಗೆಮನೆಗೆ ಇಳಿದು ಬಂದರೆ ಮೇಲೆ ಮಗು ಕಿರುಚಿ ಸತ್ತರೂ ಅವಳಿಗೆ ತಿಳಿಯುವುದಿಲ್ಲ.

ಇವತ್ತು ನನ್ನ ಮಗಳು ಹೊಂಬಾಳೆ ಕೆಂಗೇರಿಯಿಂದ ಬಂದಿದ್ದಳು. ಊಟವಾದ ಮೇಲೆ ನಮ್ಮತ್ತೆ ಮಾತು ತೆಗೆದರು. ಮಗು ಕೆಂಗೇರಿಯಲ್ಲಿ ಹೊಂಬಾಳೆಯ ಹತ್ತಿರ ಬೆಳೆಯಲಿ. ಅಲ್ಲಿ ಅವಳ ಮಕ್ಕಳಿದ್ದಾರೆ, ಮಾತು ಕಿವಿಗೆ ಬಿದ್ದು ಮಾತು ಕಲಿಯುತ್ತದೆ. ಮೂರು ವರ್ಷ ತುಂಬಿದ ಮೇಲೆ ಕರೆದುಕೊಂಡು ಬಂದರಾಯಿತು. ಹೊಂಬಾಳೆ ಸಂತೋಷವಾಗಿ ಒಪ್ಪಿಕೊಂಡಳು. ವಿಜಯದಶಮಿ ಒಳ್ಳೆಯ ದಿನ, ಅವತ್ತೇ ಕಳಿಸುವುದು ಎಂದು ತೀರ್ಮಾನವಾಯಿತು. ನಾನೂ ಹೂಂ ಎಂದೆ. ಎಲ್ಲರಿಗೂ ಇದೇ ಒಳ್ಳೆಯದು.

ಸೊಸೆ ನಮ್ಮೆದುರೇ ಮಗುವಿನ ಬಟ್ಟೆ ಮಡಿಸುತ್ತ ಕೂತಿದ್ದಳು. ಅವಳಿಗೆ ಗೊತ್ತಾಗದ ಹಾಗೆ ಬೇಗ ಬೇಗ ಮಾತಾಡಿ ಮುಗಿಸಿದೆವು. ಪಾಪದ ಹುಡುಗಿ. ನಿಧಾನವಾಗಿ ತಿಳಿಸಿ ಹೇಳಬೇಕು.

ಸೆಪ್ಟೆಂಬರ್ 8, ಸೋಮವಾರ

ತಿಳಿಸುವ ಕೆಲಸ ಉಳಿದಿಲ್ಲ. ನಮ್ಮ ತುಟಿ ನೋಡಿಕೊಂಡೇ ಪೂರಾ ತಿಳಿದುಕೊಂಡಿದ್ದಾಳೆ.

ಬೆಳಿಗ್ಗೆ ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ಬಂದು ಪಕ್ಕದಲ್ಲಿ ಕೂತಳು. ನಮ್ಮಿಬ್ಬರ ಮಾತು ಮೊದಲಿನಿಂದಲೂ ಹೀಗೇ: ಸುಲಭದ್ದು ಕೈಸನ್ನೆಯಲ್ಲಿ, ಕಷ್ಟದ್ದು ಅಂಗೈ ಮೇಲೆ ಬೆರಳಲ್ಲಿ ಬರೆದು. ತುರಿಯುವುದನ್ನು ಬಿಡಿಸಿ ನನ್ನ ಅಂಗೈ ಎಳೆದುಕೊಂಡು ಬರೆದಳು: ಕೊಡಲ್ಲ.

ನಾನು ಬೇರೆ ಕಡೆ ನೋಡಿದೆ. ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಇನ್ನೊಂದು ಸಲ ಬರೆದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಸಿಟ್ಟು ಬಂತು ನನಗೆ, ಇಷ್ಟು ದಿನ ಇಲ್ಲದ ಹಟ ಈಗ ಎಲ್ಲಿಂದ ಬಂತು ಎಂದು.

ಸೆಪ್ಟೆಂಬರ್ 10, ಬುಧವಾರ

ಹುಡುಗಿ ಸುಮ್ಮನೆ ಕೊಡಲ್ಲ ಎಂದಿಲ್ಲ, ಉಪಾಯವನ್ನೂ ಇಟ್ಟುಕೊಂಡಿದ್ದಾಳೆ.

ಅವಳು ರಾಜಾಜಿನಗರದ ಒಂದು ಪ್ರೆಸ್ಸಿಗೆ ಮನೆಯಿಂದಲೇ ಲಗ್ನಪತ್ರಿಕೆ ಜೋಡಿಸಿಕೊಡುತ್ತಾಳೆ. ಅದಕ್ಕೆಂದು ಮಹಡಿ ಕೋಣೆಯಲ್ಲಿ ಕಂಪ್ಯೂಟರ್ ಇದೆ. ಅದರ ತಲೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಕ್ಯಾಮೆರಾ ಕೂರಿಸಿ ತೊಟ್ಟಿಲಿನ ಕಡೆಗೆ ತಿರುಗಿಸಿದ್ದಾಳೆ. ಅರುಣ ಯಾರಿಂದಲೋ ಕೊಂಡುಕೊಂಡ ಹಳೇ ಲ್ಯಾಪ್‌ಟಾಪ್ ಒಂದಿದೆ. ಎರಡರ ನಡುವೆ ಸಂಬಂಧ ಕಟ್ಟಿದರೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಪರದೆ ಮೇಲೆ ಮಗು ಕಾಣುತ್ತದೆ. ಮಗು ಕೂಗಿದರೆ ಪರದೆ ಪೂರಾ ಬೆಳ್ಳಗೆ ಮಿಂಚುವ ಹಾಗೆ ಮಾಡಿದ್ದಾಳಂತೆ. ಇದೆಲ್ಲ ಅಣ್ಣನ ಮನೆಯಲ್ಲಿ ಬಾಣಂತಿ ಕೋಣೆಯಲ್ಲಿ ಬಿಸಿನೀರು ಹುಯ್ಸಿಕೊಂಡು ಮಲಗಿದ್ದಾಗ ಯೋಚಿಸಿದ್ದು. ನಾನು ಬಾಣಂತಿಯಾಗಿದ್ದಾಗ ಬೆಳ್ಳುಳ್ಳಿ ಬಿಟ್ಟು ಬೇರೇನೂ ಯೋಚಿಸಿದ ನೆನಪಿಲ್ಲ.

ನಿನ್ನೆ ಅರುಣ ಕಿಟಕಿಯಿಂದ ಒಂದು ಉದ್ದ ವೈರು ಇಳಿಸಿ ಎರಡನ್ನೂ ಜೋಡಿಸಿ ನೋಡಿದ. ಚಿತ್ರ ಬಂತು. ಆದರೆ ವೈರು ನಮ್ಮತ್ತೆಯ ಕಾಲಿಗೆ ಸಿಕ್ಕಿಕೊಂಡು ಅವರು ಗೋಡೆ ಹಿಡಿದುಕೊಂಡು ಉಳಿದರು. ಅಲ್ಲಿಗೆ ವೈರಿನ ಮಾತು ಮುಗಿಯಿತು. ವೈರಿಲ್ಲದೆ ಗಾಳಿಯಲ್ಲೇ ಕಳಿಸುವ ಒಂದು ಪೆಟ್ಟಿಗೆ ಸಿಗುತ್ತದಂತೆ, ರೌಟರ್ ಅಂತ. ಅದನ್ನು ತರಬೇಕು.

ಯಂತ್ರ ಮಗು ನೋಡಿಕೊಳ್ಳುತ್ತದೆಯೇ ಎಂದು ನಮ್ಮತ್ತೆ ನಕ್ಕರು. ನನಗೂ ನಂಬಿಕೆ ಇಲ್ಲ. ಆದರೆ ಅಂಗಡಿಗೆ ಹೋಗಲು ಒಂದು ಬಾಯಿ ಬೇಕು, ಅರುಣನಿಗೆ ರಜೆ ಇಲ್ಲ, ನೀವೇ ಬನ್ನಿ ಎಂದು ಅಂಗೈ ಮೇಲೆ ಬರೆದಾಗ ಇಲ್ಲ ಅನ್ನಲಾಗಲಿಲ್ಲ. ಮುಂದಿನ ವಾರ ಪಿತೃಪಕ್ಷ ಶುರುವಾಗುತ್ತದೆ. ಆಮೇಲೆ ಹೊಸ ಸಾಮಾನು ಕೊಳ್ಳುವ ಹಾಗಿಲ್ಲ. ಶನಿವಾರವೇ ಹೋಗಬೇಕು.

ಸೆಪ್ಟೆಂಬರ್ 13, ಶನಿವಾರ

ಇವತ್ತಿನದು ಎಲ್ಲ ಬರೆಯಬೇಕು.

ಪುಟ್ಟಿಯನ್ನು ನಮ್ಮತ್ತೆಯ ಮಡಿಲಿಗೆ ಹಾಕಿ ಭಾಷ್ಯಂ ಸರ್ಕಲ್ಲಿಗೆ ಬಸ್ಸು ಹಿಡಿದೆವು. ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ. ಟೈ ಕಟ್ಟಿದ ಹುಡುಗ ಬಂದು, ಕೂತ್ಕೊಳಿ ಆಂಟಿ ಅಂದ. ನಮಗೆ ಏನು ಬೇಕೆಂದು ಕೇಳುವ ಮುಂಚೆಯೇ ಮೂರು ಕೊಂಬಿನ ಕರೀ ಪೆಟ್ಟಿಗೆಯೊಂದನ್ನು ಮುಂದಿಟ್ಟ. ಮನೆಯೆಲ್ಲ ಬರುತ್ತದೆ, ತಾರಸಿಗೆ ಬರುತ್ತದೆ, ಪಕ್ಕದ ಬೀದಿಗೂ ಬರುತ್ತದೆ ಎಂದ. ಇದನ್ನು ತೆಗೆದುಕೊಂಡ ಮಹಾಲಕ್ಷ್ಮಿ ಲೇಔಟಿನ ದೊಡ್ಡ ಡಾಕ್ಟರೊಬ್ಬರು ವಾಪಸ್ ಬಂದು ಇನ್ನೊಂದು ಒಯ್ದರಂತೆ. ಅವನ ಮಾತು ಕೇಳುತ್ತ ಕೇಳುತ್ತ ನನಗೆ ಆ ಪೆಟ್ಟಿಗೆ ಇಲ್ಲದೆ ಇಷ್ಟು ವರ್ಷ ಬದುಕಿದ್ದೇ ಆಶ್ಚರ್ಯ ಅನ್ನಿಸಿತು. ಪರ್ಸಿಗೆ ಕೈ ಹಾಕಿದೆ.

ತಿರುಗಿ ನೋಡಿದರೆ ಸೊಸೆ ಕೀರ್ತನಾ ಪೆಟ್ಟಿಗೆಯ ಕವಚವನ್ನು ತಲೆಕೆಳಗೆ ಮಾಡಿ ತಳದಲ್ಲಿದ್ದ ಇರುವೆ ಸಾಲಿನಂಥ ಅಕ್ಷರ ಓದುತ್ತಿದ್ದಳು. ಅದನ್ನಿಟ್ಟು ಪಕ್ಕದ್ದು ಓದಿದಳು. ಆಮೇಲೆ ಅದರ ಪಕ್ಕದ್ದು. ಆ ಹುಡುಗ ನನ್ನನ್ನು ಬಿಟ್ಟು ಅವಳಿಗೆ ಹೇಳಲು ಶುರು ಮಾಡಿದ. ಅವಳು ತಲೆ ಎತ್ತಲಿಲ್ಲ. ಅವನು ದನಿ ಏರಿಸಿದ. ಅವಳಿಗೆ ಕಿವಿ ಕೇಳಲ್ಲಪ್ಪ ಎಂದೆ. ಅವನ ಮುಖ ನೋಡಬೇಕಿತ್ತು, ಬಾಯಿಗೆ ಬೀಗ ಹಾಕಿದ ಹಾಗಾಯಿತು. ಅವನ ಹತ್ತಿರ ಇದ್ದದ್ದೆಲ್ಲ ಮಾತೇ. ಆ ಮಾತು ಅವಳಿಗೆ ತಾಗುವುದೇ ಇಲ್ಲ.

ಅಲ್ಲಿ ನಿಂತೇ ನನಗೆ ನಗು ಬಂತು. ನಮ್ಮ ಅಟ್ಟದ ಮೇಲೆ ಹಣ್ಣಿನ ರಸ ತೆಗೆಯುವ ಯಂತ್ರವಿದೆ, ಬೆನ್ನು ತಿಕ್ಕುವ ಯಂತ್ರವಿದೆ, ಒಂದೇ ಒಂದು ಸಲ ಉಪ್ಪಿಟ್ಟು ಮಾಡಿದ ಅಂಟದ ಬಾಣಲೆ ಇದೆ. ಎಲ್ಲವೂ ಕಿವಿ ಇದ್ದಿದ್ದಕ್ಕೆ ಬಂದವು.

ಕೀರ್ತನಾ ಒಂದು ಚೀಟಿಯಲ್ಲಿ ಬರೆದು ತೋರಿಸಿದಳು: ಇದನ್ನು ಹಚ್ಚಿ ತೋರಿಸಿ, ದೀಪ ನೋಡಬೇಕು. ಸೀಲು ಒಡೆಯುವ ಹಾಗಿಲ್ಲ ಎಂದ ಅವನು. ಅವಳು ಕವಚಗಳನ್ನು ಮೊದಲಿದ್ದ ಹಾಗೇ ಜೋಡಿಸಿಟ್ಟು ಕೈಮುಗಿದು ಹೊರಟೇಬಿಟ್ಟಳು. ನಾನು ಮೂರು ಕೊಂಬನ್ನು ಇನ್ನೊಂದು ಸಲ ನೋಡಿ ಹಿಂದೆ ಓಡಿದೆ.

ಎರಡನೆಯದು ಗಲ್ಲಿಯೊಳಗಿನ ಚಿಕ್ಕ ಅಂಗಡಿ. ಇಟ್ಟುಕೊಂಡಿರುವವರು ವೀರೇಶ ಅಂತ, ಗದಗಿನ ಕಡೆಯವರು. ಕೀರ್ತನಾ ಕಾಗದದ ಮೇಲೆ ನಮ್ಮ ಮನೆ ಬರೆದಳು. ಮುಂದಿನ ಹಾಲ್, ಮಹಡಿ, ಹಿಂದೆ ಮಾವನವರ ಕಾಲದ ಕಲ್ಲಿನ ಗೋಡೆ, ಅದರಾಚೆ ಅಡುಗೆಮನೆ. ಇಂಟರ್‌ನೆಟ್ ಯಾವುದಿದೆ ಎಂದು ವೀರೇಶ ಕೇಳಿದರು. ಅವಳು ಬರೆದಳು: ನೆಟ್ ಬೇಡ. ತೊಟ್ಟಿಲಿನಿಂದ ಒಲೆಯ ತನಕ ಬಂದರೆ ಸಾಕು.

ವೀರೇಶ ಅದನ್ನು ಎರಡು ಸಲ ಓದಿದರು. ನನ್ನ ಮುಖ ನೋಡಿದರು. ನಾನು ವಿಷಯ ಹೇಳಿದೆ, ಕೆಂಗೇರಿಯದನ್ನೂ ಸೇರಿಸಿ. ಗುರುತಿಲ್ಲದವರ ಮುಂದೆ ಯಾಕೆ ಹೇಳಿದೆನೋ.

"ಕಲ್ಲಿನ ಗ್ವಾಡಿ ಅಂದ್ರ ಮೊದಲ ಹೇಳಾಕ ಬರಂಗಿಲ್ರೀ ಅಮ್ಮಾರ" ಎಂದರು. "ಮನಿಗೆ ಒಯ್ದು ಹಚ್ಚಿ ನೋಡ್ರಿ. ಬರಲಿಲ್ಲಂದ್ರ ಹೊಳ್ಳಿ ತರ್ರಿ, ಬ್ಯಾರೆ ನೋಡೂಣು."

ಇದ್ದ ಪೆಟ್ಟಿಗೆಗಳನ್ನೆಲ್ಲ ಸಾಲಾಗಿ ಹಚ್ಚಿಟ್ಟರು. ಕೀರ್ತನಾ ಅಂಗಡಿಯ ಬಾಗಿಲ ತನಕ ಹಿಂದೆ ಹೋಗಿ ನಿಂತು ದೂರದಿಂದ ನೋಡಿದಳು. ಕೆಲವಕ್ಕೆ ದೀಪ ಬೆನ್ನಿಗಿತ್ತು. ಕೆಲವಕ್ಕೆ ಮಿಣುಕು. ಒಂದಕ್ಕೆ ಮಾತ್ರ ಎದುರಿಗೇ ಸಾಲಾಗಿ ಹಸಿರು ದೀಪ, ಬಾಗಿಲ ಹತ್ತಿರದಿಂದಲೂ ಸ್ಪಷ್ಟ. ಹತ್ತಿರ ಬಂದು ಅದರ ವೈರು ಕಿತ್ತಳು, ದೀಪ ಆರುವುದನ್ನು ನೋಡಿದಳು. ಮತ್ತೆ ಹಾಕಿದಳು, ಹತ್ತುವುದನ್ನು ನೋಡಿದಳು. ಹೀಗೆ ಹಲವು ಸಲ. ನಾವು ಹೆಣ್ಣು ನೋಡಲು ಹೋದಾಗಲೂ ಇಷ್ಟು ನೋಡುವುದಿಲ್ಲ. ಎರಡು ಕೊಂಬನ್ನೂ ಬಗ್ಗಿಸಿ, ಎತ್ತಿ, ತಿರುಗಿಸಿ, ಕೊನೆಗೆ ಅದನ್ನೇ ಎತ್ತಿಕೊಂಡಳು. ಪೆಟ್ಟಿಗೆ ಬದುಕಿದೆಯೋ ಇಲ್ಲವೋ ಅವಳಿಗೆ ಕಣ್ಣಲ್ಲೇ ಗೊತ್ತಾಗಬೇಕು. ನನಗೆ ಇದು ಹೊಳೆಯುತ್ತಲೇ ಇರಲಿಲ್ಲ.

ನಿಮ್ಮ ಸೊಸೆ ಚೆನ್ನಾಗಿ ಆರಿಸಿದಳು ಎಂದು ವೀರೇಶ ನನಗೆ ಹೇಳಿದರು. ಅವಳಿಗೇ ಹೇಳಿ, ಮುಖ ನೋಡಿ ನಿಧಾನ ಹೇಳಿದರೆ ತಿಳಿಯುತ್ತದೆ ಎಂದೆ. ಅವರು ತಿರುಗಿ ಹೇಳಿದರು. ಹುಡುಗಿಯ ಮುಖ ಅರಳಿತು.

ಸೆಪ್ಟೆಂಬರ್ 14, ಭಾನುವಾರ

ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿ ಪೆಟ್ಟಿಗೆಯನ್ನು ಹಾಲಿನ ಷೋಕೇಸಿನ ಮೇಲೆ ಇಟ್ಟೆವು. ಮಹಡಿಯಿಂದ ಒಂದು ವೈರು ಮೆಟ್ಟಿಲ ಪಕ್ಕದಲ್ಲೇ ಇಳಿದು ಅದಕ್ಕೆ ಸೇರುತ್ತದೆ, ಯಾರ ಕಾಲಿಗೂ ಸಿಗುವುದಿಲ್ಲ. ಅಲ್ಲಿಂದ ಅಡುಗೆಮನೆಗೆ ಗಾಳಿ.

ಕಲ್ಲಿನ ಗೋಡೆ ಮೊದಲು ಬಿಡಲಿಲ್ಲ. ಕೀರ್ತನಾ ಒಂದು ಕೊಂಬನ್ನು ಮೇಲೆ ಮಾಡಿ ಇನ್ನೊಂದನ್ನು ಬಾಗಿಲ ಕಡೆ ಮಲಗಿಸಿದಳು. ಅಡುಗೆಮನೆಗೆ ಹೋಗಿ ನೋಡಿದಳು, ಬಂದು ಪೆಟ್ಟಿಗೆಯನ್ನು ಒಂದು ಗೇಣು ಸರಿಸಿದಳು. ಮತ್ತೆ ಹೋದಳು. ಬೆಳಗೆಲ್ಲ ಇದೇ ಆಯಿತು. ಬೇಸರ ಅನ್ನುವುದೇ ಇಲ್ಲ ಈ ಹುಡುಗಿಗೆ. ಕೊನೆಗೆ ಉಪ್ಪಿನ ಜಾಡಿಯ ಪಕ್ಕ ಇಟ್ಟ ಪರದೆಯಲ್ಲಿ ನಮ್ಮ ಪುಟ್ಟಿ ಮಲಗಿದ್ದು ಕಂಡಿತು. ಕಾಲು ಅಲ್ಲಾಡಿಸಿತು. ನಾನು ಪರದೆಗೇ ದೃಷ್ಟಿ ತೆಗೆದೆ. ಇದ್ಯಾವ ಚಾನೆಲ್ಲು ಎಂದು ನಮ್ಮತ್ತೆ ಕೇಳಿದರು.

ಮಿಂಚುವುದನ್ನು ಪರೀಕ್ಷೆ ಮಾಡಲು ಮಗು ಅಳಬೇಕಲ್ಲ, ಅದು ನಗುತ್ತ ಮಲಗಿತ್ತು. ಮೇಲೆ ಹೋಗಿ ನೀವೇ ಅಳಿ ಎಂದು ಕೀರ್ತನಾ ಸನ್ನೆ ಮಾಡಿದಳು. ಈ ವಯಸ್ಸಿನಲ್ಲಿ ತೊಟ್ಟಿಲು ಹಿಡಿದು ನಿಂತು ಉವ್ವೇ ಎಂದು ಅತ್ತೆ. ಪುಟ್ಟಿ ಬೆರಗಾಗಿ ನೋಡಿತು. ಕೆಳಗಿನಿಂದ ಕೀರ್ತನಾ ಮೆಟ್ಟಿಲು ಹಾರಿಕೊಂಡು ಬಂದಳು, ನಗು ತಡೆಯಲಾರದೆ ನನ್ನ ಭುಜ ಹಿಡಿದು ಬಗ್ಗಿದಳು. ಬಾಡಿಗೆ ಮನೆಯವರು ಏನಾಯಿತೆಂದು ಇಣುಕಿ ಹೋದರು. ಎಷ್ಟೋ ವರ್ಷವಾಗಿತ್ತು ನಾನು ಹಾಗೆ ನಕ್ಕು.

ಸೆಪ್ಟೆಂಬರ್ 19, ಶುಕ್ರವಾರ

ಮಧ್ಯಾಹ್ನ ಒಣಗಿದ ಬಟ್ಟೆ ಕೊಡಲು ಮೇಲೆ ಹೋದೆ. ಕೀರ್ತನಾ ನೆಲದ ಮೇಲೆ ನಿದ್ದೆ ಹೋಗಿದ್ದಳು. ನನ್ನ ಹಳೇ ಸೀರೆಯ ಅಂಚನ್ನು ಸಣ್ಣಗೆ ಹರಿದು ಒಂದು ತುದಿ ತನ್ನ ಮಣಿಕಟ್ಟಿಗೆ, ಇನ್ನೊಂದು ತೊಟ್ಟಿಲಿನ ಹಗ್ಗಕ್ಕೆ ಕಟ್ಟಿಕೊಂಡಿದ್ದಾಳೆ. ಮಗು ಮಗ್ಗುಲಾದರೂ ಇವಳಿಗೆ ಎಚ್ಚರ. ರಾತ್ರಿಯೂ ಹೀಗೇ ಇರಬೇಕು. ಯಾರೂ ಹೇಳಿಕೊಟ್ಟಿದ್ದಲ್ಲ.

ಬಟ್ಟೆ ಇಟ್ಟು ಸದ್ದಿಲ್ಲದೆ ಇಳಿದು ಬಂದೆ. ಅವಳಿಗೆ ಸದ್ದು ಕೇಳುವುದಿಲ್ಲ ಎಂದು ಆಮೇಲೆ ನೆನಪಾಯಿತು.

ಸೆಪ್ಟೆಂಬರ್ 28, ಭಾನುವಾರ

ಇವತ್ತು ಮನೆಯಲ್ಲಿ ಹಿರಿಯರಿಗೆ ಎಡೆ. ಕೀರ್ತನಾ ಕೋಳಿ ಉದಕ, ಮುದ್ದೆ, ಕಜ್ಜಾಯ ಎಲ್ಲ ಹೊತ್ತುಕೊಂಡಿದ್ದಳು. ಹೊಂಬಾಳೆಯನ್ನೂ ಕರೆಸಿದ್ದೆ, ಪೆಟ್ಟಿಗೆ ಕೆಲಸ ಮಾಡುವುದನ್ನು ಅವಳು ಕಣ್ಣಾರೆ ನೋಡಲಿ ಎಂದು. ಹೊಂಬಾಳೆಯದು ತಪ್ಪಿಲ್ಲ. ಅವಳಿಗೆ ಮಗುವಿನ ಚಿಂತೆ.

ಬೆಳಿಗ್ಗೆ ನಮ್ಮತ್ತೆ ಒಂದು ಮಾತು ಹೇಳಿದರು. ಪಕ್ಷದಲ್ಲಿ ಹಿರಿಯರು ಮನೆಗೆ ಬರುತ್ತಾರೆ, ಹೊಸದಾಗಿ ತಂದ ಸಾಮಾನು ಅವರೆದುರು ಮಿಣಮಿಣ ಅನ್ನುತ್ತಿರಬಾರದು. ನನಗೂ ಸರಿ ಅನ್ನಿಸಿತು. ಅದೂ ಅಲ್ಲದೆ ಬರುವ ಮಕ್ಕಳ ಕೈಗೆ ಕೊಂಬು ಸಿಕ್ಕರೆ ಉಳಿಯುತ್ತದೆಯೇ? ಬೆಲೆಬಾಳುವುದು ಏನು ಬಂದರೂ ಬೀರುವಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಕೀರ್ತನಾ ಸ್ನಾನಕ್ಕೆ ಹೋಗಿದ್ದಾಗ ಪೆಟ್ಟಿಗೆಯನ್ನು ಜೋಪಾನವಾಗಿ ಷೋಕೇಸಿನ ಪಕ್ಕದ ಕಬ್ಬಿಣದ ಬೀರುವಿನೊಳಗೆ ರೇಷ್ಮೆ ಸೀರೆಗಳ ಮೇಲೆ ಇಟ್ಟೆ. ವೈರುಗಳನ್ನು ಬಾಗಿಲ ಸಂದಿಯಲ್ಲಿ ತೂರಿಸಿದೆ. ದೀಪ ಉರಿಯುತ್ತಲೇ ಇತ್ತು. ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಷೋಕೇಸಿನ ಮುಂದೆ ಹಿರಿಯರ ಫೋಟೋಗಳನ್ನು ಹೂ ಹಾಕಿ ನಿಲ್ಲಿಸಿದ್ದರಿಂದ ಖಾಲಿ ಜಾಗ ಯಾರಿಗೂ ಕಾಣಲಿಲ್ಲ.

ಊಟದ ಹೊತ್ತಿಗೆ ಪುಟ್ಟಿ ಮೇಲೆ ಎದ್ದು ಅತ್ತಿತು. ನಮಗೆಲ್ಲ ಕೇಳಿತು. ಹೊಂಬಾಳೆ ಕೈ ತೋರಿಸಿ, ಯಾರೂ ಏಳಬೇಡಿ, ಅವಳು ಬರ್ತಾಳಾ ನೋಡೋಣ ಅಂದಳು. ಅಡುಗೆಮನೆಯಿಂದ ಯಾರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಕೀರ್ತನಾ ಕಜ್ಜಾಯ ಕರಿಯುತ್ತ ಘಳಿಗೆಗೊಮ್ಮೆ ಪರದೆ ನೋಡುತ್ತಿದ್ದಾಳೆ. ಪರದೆಯಲ್ಲಿ ಪುಟ್ಟಿ ಶಾಂತವಾಗಿ ನಿದ್ದೆ ಮಾಡುತ್ತಿದೆ. ಬೆಳಗಿನ ಚಿತ್ರ ಹಾಗೇ ನಿಂತುಬಿಟ್ಟಿತ್ತು.

ಹೊಂಬಾಳೆ ಮಗುವನ್ನು ಎತ್ತಿಕೊಂಡು ಕೆಳಗೆ ಬಂದಳು. ಏನೂ ಅನ್ನಲಿಲ್ಲ, ಅದು ಅವಳ ದೊಡ್ಡತನ. ಅನ್ನುವುದನ್ನೆಲ್ಲ ನಮ್ಮತ್ತೆ ಅಂದರು. ಕೀರ್ತನಾ ಅವರ ತುಟಿಯನ್ನೇ ನೋಡುತ್ತ ನಿಂತಿದ್ದಳು, ಕೈಯಲ್ಲಿ ಜಾಲರಿ ಸೌಟು.

ಎಲ್ಲರೂ ಹೋದ ಮೇಲೆ ಅವಳು ಲ್ಯಾಪ್‌ಟಾಪನ್ನು ಆರತಿ ತಟ್ಟೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಹೊರಟಳು. ಪರದೆಯ ಮೂಲೆಯ ಗೆರೆಗಳನ್ನು ನೋಡುತ್ತ ಒಂದೊಂದೇ ಹೆಜ್ಜೆ. ಫೋಟೋಗಳ ಹಿಂದೆ ನೋಡಿದಳು, ಪೆಟ್ಟಿಗೆ ಇಲ್ಲ. ವೈರಿನ ಜಾಡು ಹಿಡಿದ ಅವಳ ಕಣ್ಣು ಬೀರುವಿನ ಬಾಗಿಲ ಸಂದಿಗೆ ಬಂದು ನಿಂತಿತು. ಆಮೇಲೆ ನನ್ನ ಸೊಂಟಕ್ಕೆ.

ನಾನು ಬೀಗ ತೆಗೆದೆ. ಬಾಗಿಲು ತೆರೆದದ್ದೇ ತಡ, ಪರದೆಯಲ್ಲಿ ಖಾಲಿ ತೊಟ್ಟಿಲು ಕಂಡಿತು. ಕಬ್ಬಿಣದೊಳಗಿಂದ ಗಾಳಿ ಹೊರಗೆ ಬರುವುದಿಲ್ಲವಂತೆ. ನಾನು ಜೋಪಾನ ಮಾಡಿದ್ದೇ ಕೆಟ್ಟದ್ದು. ಹೀಗೆಂದು ಅವಳಿಗೆ ಹೇಗೆ ಹೇಳಲಿ ಎಂದು ತಿಳಿಯದೆ ಅವಳ ಅಂಗೈ ಹಿಡಿದುಕೊಂಡು ಏನೂ ಬರೆಯಲಾಗದೆ ನಿಂತೆ. ಅವಳು ರೇಷ್ಮೆ ಸೀರೆ ಮೇಲೆ ಕೂತಿದ್ದ ಪೆಟ್ಟಿಗೆ ನೋಡಿದಳು, ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. ನನಗಾಗಿದ್ದರೆ ನಗಲು ಆಗುತ್ತಿರಲಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಹೊಂಬಾಳೆಗೆ ಫೋನ್ ಮಾಡಿ ತಪ್ಪು ನನ್ನದು ಎಂದು ಹೇಳಿದೆ. ಸೊಸೆಯನ್ನು ಬಿಟ್ಟುಕೊಡಬಾರದು ಎಂದು ನೀನು ಹಾಗೆ ಹೇಳ್ತೀಯಮ್ಮ ಅಂದಳು. ನಂಬಲಿಲ್ಲ. ಆಯುಧಪೂಜೆಗೆ ಬಂದು ಇದ್ದು, ಮಾರನೇ ದಿನ ಮಗು ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿ ತೊಟ್ಟಿಲಿಗೆ ಕೊಕ್ಕೆ ಹಾಕಿಸಿಯಾಗಿದೆ.

ಅಕ್ಟೋಬರ್ 8, ಬುಧವಾರ

ಬೆಳಿಗ್ಗೆ ಆಯುಧಪೂಜೆ. ಅರುಣನ ಬೈಕು, ಮಾವನವರ ಕಾಲದ ಕುಡುಗೋಲು, ಹೊಲಿಗೆ ಮೆಷಿನ್ನು, ಮಿಕ್ಸಿ, ಕಂಪ್ಯೂಟರು, ಪೆಟ್ಟಿಗೆ, ಎಲ್ಲಕ್ಕೂ ಕುಂಕುಮ ಹೂವು ಆಯಿತು. ಗೇಟಿನ ಮುಂದೆ ಬೂದುಗುಂಬಳ ಒಡೆದೆವು. ಪೂಜೆಯಾದ ಮೇಲೆ ಆಯುಧಗಳಿಗೆ ಅವತ್ತು ವಿಶ್ರಾಂತಿ, ಮುಟ್ಟಿ ಕೆಲಸ ಮಾಡಿಸಬಾರದು. ನಮ್ಮತ್ತೆ ಒಂದೊಂದನ್ನೇ ತೋರಿಸಿ ಆರಿಸಿ ಎಂದರು. ಅರುಣ ಪೆಟ್ಟಿಗೆಯ ಸ್ವಿಚ್ಚಿಗೆ ಕೈ ಹಾಕಿದ. ಕೀರ್ತನಾ ಅವನ ಕೈಯನ್ನೇ ನೋಡುತ್ತಿದ್ದಳು.

ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಆಯುಧಪೂಜೆ ದಿನ ಒಲೆಗೆ ವಿಶ್ರಾಂತಿ ಕೊಟ್ಟಿದ್ದು ಯಾವತ್ತಾದ್ರೂ ನೋಡಿದೀರಾ ಅತ್ತೆ? ಇದೂ ಹಂಗೇ. ಉರೀಲಿ ಬಿಡಿ" ಎಂದೆ.

ಮದುವೆಯಾಗಿ ಬಂದ ಮೇಲೆ ಅವರಿಗೆ ನಾನು ಎದುರು ಮಾತಾಡಿದ್ದು ಕಡಿಮೆ. ಅವರು ನನ್ನನ್ನೇ ನೋಡಿದರು, ಒಲೆಯ ಮುಂದೆ ಎಷ್ಟು ಹಬ್ಬ ಕಳೆದಿದ್ದಾರೋ ಅವರೂ. ಹಾಳಾಗಿ ಹೋಗ್ಲಿ, ಇರ್ಲಿ ಬಿಡು ಎಂದು ಎದ್ದು ಹೋದರು. ಟೀವಿಗೂ ವಿಶ್ರಾಂತಿ ಬೇಡ ಎಂದು ಅರುಣ ಅದೇ ಗುಂಗಿನಲ್ಲಿ ಹಚ್ಚಿದ.

ಮಧ್ಯಾಹ್ನಕ್ಕೆ ಹೊಂಬಾಳೆ ಗಂಡ ಮಕ್ಕಳ ಜೊತೆ ಬಂದಳು. ಹಾಲ್ ತುಂಬಿತು. ಟೀವಿ ಅದರ ಪಾಡಿಗೆ ಕೂಗುತ್ತಿತ್ತು, ಮಕ್ಕಳು ಕೂಗುತ್ತಿದ್ದರು, ಹೊರಗೆ ಆಟೋ ಸ್ಟ್ಯಾಂಡಿನವರು ಬಾಳೆಕಂದು ಕಟ್ಟಿ ಮೈಕು ಹಚ್ಚಿದ್ದರು. ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಗಂಟಲು ಹರಿದುಕೊಳ್ಳಬೇಕು. ಪುಟ್ಟಿ ಮೇಲೆ ಮಲಗಿತ್ತು. ಕೀರ್ತನಾ ಒಳಗೆ ಒಬ್ಬಟ್ಟು ತಟ್ಟುತ್ತಿದ್ದಳು.

ಇದ್ದಕ್ಕಿದ್ದ ಹಾಗೆ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಅವಳು ಹಾಲ್ ದಾಟಿ ಮೆಟ್ಟಿಲು ಹತ್ತಿದಳು. ಊಟಕ್ಕೆ ಹಾಕಿದ್ದ ಎಲೆಗಳ ಮಧ್ಯೆ ಕಾಲಿಟ್ಟು ಹೋದಳು ಎಂದು ಅಳಿಯ ನಕ್ಕರು. ಸ್ವಲ್ಪ ಹೊತ್ತಿಗೆ ಇಳಿದು ಬಂದಳು. ಭುಜದ ಮೇಲೆ ಪುಟ್ಟಿ. ಅತ್ತು ಅತ್ತು ಮುಖ ಕೆಂಪಾಗಿ ಬಿಕ್ಕುತ್ತಿತ್ತು. ಇನ್ನೊಂದು ಕೈಯಲ್ಲಿ ತೊಟ್ಟಿಲಿಗೆ ನೆರಳಿಗೆಂದು ನಾನೇ ಕಟ್ಟಿದ್ದ ಸೀರೆ. ಗಂಟು ಸಡಿಲವಾಗಿ ಅದು ಮಗುವಿನ ಮುಖದ ಮೇಲೆ ಬಿದ್ದಿತ್ತು.

ಅಷ್ಟು ಜನರಲ್ಲಿ ಒಬ್ಬರಿಗೂ ಕೇಳಿರಲಿಲ್ಲ. ಎಲ್ಲರಿಗೂ ಕಿವಿ ಇತ್ತು.

ಹೊಂಬಾಳೆ ಎದ್ದು ಕೈ ಚಾಚಿದಳು. ಪುಟ್ಟಿ ತಾಯಿಯ ಕುತ್ತಿಗೆಯೊಳಗೆ ಮುಖ ಹುದುಗಿಸಿತು. ಟೀವಿ ಆರ್ಸ್ರೋ ಎಂದು ನಮ್ಮತ್ತೆ ಕೂಗಿದರು.

ಒಬ್ಬಟ್ಟು ಸೀದು ಹೋಗುತ್ತದೆಂದು ನಾನು ಅಡುಗೆಮನೆಗೆ ಓಡಿದೆ. ಹೋಗುವ ಮುಂಚೆ ಗ್ಯಾಸ್ ಆರಿಸಿ, ಹಂಚಿನ ಮೇಲಿದ್ದದ್ದನ್ನು ತಟ್ಟೆಗೆ ಹಾಕಿ ಹೋಗಿದ್ದಾಳೆ. ಆ ಗಡಿಬಿಡಿಯಲ್ಲಿ! ಪರದೆಯ ಮೇಲೆ ಖಾಲಿ ತೊಟ್ಟಿಲು ಇನ್ನೂ ತೂಗುತ್ತಿತ್ತು. ಅಲ್ಲೇ ಹಿಟ್ಟಿನ ಡಬ್ಬದ ಪಕ್ಕ ಕೂತು ಅತ್ತುಬಿಟ್ಟೆ. ಎಂಥ ಹುಡುಗಿ ನಮ್ಮ ಕೀರ್ತನಾ.

ಅಕ್ಟೋಬರ್ 9, ಗುರುವಾರ, ವಿಜಯದಶಮಿ

ಬನ್ನಿ ಕೊಟ್ಟು ಹಿರಿಯರ ಕಾಲಿಗೆಲ್ಲ ಬಿದ್ದಾದ ಮೇಲೆ ಹೊಂಬಾಳೆ ಹೊರಡಲು ನಿಂತಳು. ನಿನ್ನೆ ಸಂಜೆಯೆಲ್ಲ ಅವಳು ಅಡುಗೆಮನೆಯಲ್ಲಿ ಆ ಪರದೆಯ ಮುಂದೆ ಕೂತು ಪುಟ್ಟಿ ಮಲಗಿದ್ದನ್ನು ನೋಡುತ್ತಿದ್ದಳು. ಮಗುವಿನ ಬಟ್ಟೆ ಕಟ್ಟಲೇ ಎಂದು ನನ್ನನ್ನು ಕೇಳಲಿಲ್ಲ, ನಮ್ಮತ್ತೆಯ ಮುಖ ನೋಡಿದಳು.

ನಮ್ಮತ್ತೆ ಎಲೆ ಅಡಿಕೆ ಅಗಿಯುತ್ತಿದ್ದರು. ಕೀರ್ತನಾಳನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಅವರು ಯಾವತ್ತೂ ಅವಳ ಮುಖ ನೋಡಿ ಮಾತಾಡಿದವರಲ್ಲ, ಅವಳ ಬಗ್ಗೆ ನಮ್ಮ ಹತ್ತಿರ ಮಾತಾಡುತ್ತಿದ್ದರು. ಇವತ್ತು ಬಾಯಲ್ಲಿದ್ದ ಎಲೆ ಉಗಿದು ಬಂದು, ತುಟಿ ಕಾಣುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಕೂಸು ನಿನ್ನದು. ನೀನೇ ಇಟ್ಕೊ."

ಅಂಗೈ ಮೇಲೆ ಬರೆದು ಹೇಳೋಣವೆಂದು ನಾನು ಮುಂದೆ ಹೋದೆ. ಅಷ್ಟರಲ್ಲಿ ಅವಳು ನಮ್ಮತ್ತೆಯ ಮಡಿಲಲ್ಲಿ ತಲೆ ಇಟ್ಟು ದನಿ ತೆಗೆದು ಅಳುತ್ತಿದ್ದಳು. ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಹೊಂಬಾಳೆಯೂ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಬಸ್ಸಿಗೆ ಹೊತ್ತಾಯಿತು ಎಂದಳು.

ಅಕ್ಟೋಬರ್ 26, ಭಾನುವಾರ

ದೀಪಾವಳಿ ಹತ್ತಿರ ಬಂತು, ಕೆಲಸ ಬಹಳ. ಬೆಳಿಗ್ಗೆ ತರಕಾರಿ ಗಾಡಿಯವನಿಗೆ ಕೊತ್ತಂಬರಿ ಬೇಡ, ಅವರೆಕಾಯಿ ಬಂದ ಮೇಲೆ ಬಾ ಎಂದು ಪೂರಾ ಕೈಯಲ್ಲೇ ಹೇಳಿದೆನಂತೆ. ಅಮ್ಮನಿಗೆ ಗಂಟಲು ಕಟ್ಟಿದೆಯಾ ಎಂದು ಕೇಳಿದ ಅವನು.

ಕೀರ್ತನಾ ಪ್ರೆಸ್ಸಿಗೆ ಹೋಗುತ್ತ ಪುಟ್ಟಿಯನ್ನು ನನ್ನ ಹತ್ತಿರ ಬಿಟ್ಟು ಹೋದಳು. ಚಾಪೆಯ ಮೇಲೆ ಬೋರಲು ಹಾಕಿ ನಾನು ಅತ್ತ ತಿರುಗಿ ಬೇಳೆ ಆರಿಸುತ್ತ ಕೂತೆ. ಪುಟ್ಟಿಗೆ ನಾನು ಎತ್ತಿಕೊಳ್ಳಬೇಕಾಗಿದೆ. ಅಳಲಿಲ್ಲ, ಕೂಗಲಿಲ್ಲ. ಅಂಗೈಯಿಂದ ನೆಲಕ್ಕೆ ಪಟಪಟ ಬಡಿಯಿತು. ಬಡಿದು ನಿಲ್ಲಿಸಿ ನೋಡಿತು, ಮತ್ತೆ ಬಡಿಯಿತು. ಅವರಮ್ಮನನ್ನು ಅದು ಕರೆಯುವುದು ಹಾಗೆ, ನೆಲ ಅದುರಿದರೆ ಅವಳು ತಿರುಗುತ್ತಾಳೆ ಎಂದು ಕಲಿತುಕೊಂಡಿದೆ. ಬಾಡಿಗೆ ಮನೆಯವರು ಬಂದರೆ, ಅರುಣ ಬಂದರೆ, ಬಾಯಿ ಬಿಟ್ಟು ಕೂಗುತ್ತದೆ. ಇವರಿಗೆ ಕೇಳುತ್ತದೆ ಎಂದು ಗೊತ್ತು.

ನನಗೂ ಕೇಳುವುದಿಲ್ಲ ಎಂದುಕೊಂಡಿದೆ ಮಗು. ನಾನು ಹೇಳಲು ಹೋಗಲಿಲ್ಲ, ತಿರುಗಿ ಎತ್ತಿಕೊಂಡೆ.